ಸನದು ಮತ್ತು ಪದವಿ: ಶ್ರೀರಂಗಪಟ್ಟಣದ ಗ್ರಂಥಭಂಡಾರದಿಂದ ಇಂದಿನವರೆಗೆ

ಕಳೆದ ರಮಝಾನಿಗೆ ಮೊದಲು ಪಾಂಡವಪುರದ ಒಬ್ಬ ತಂದೆ ನಮ್ಮಲ್ಲಿ ಒಂದು ಪ್ರಶ್ನೆ ಕೇಳಿದರು. ಅವರ ಮಗ ಹಿಫ್ಝ್ ಮುಗಿಸಿದ್ದಾನೆ, ಮುಂದೆ ಆಲಿಮ್ ಕೋರ್ಸಿಗೆ ಸೇರಿಸಬೇಕೆಂಬ ಇಚ್ಛೆ ಮನೆಯವರಿಗೆಲ್ಲ ಇದೆ. ಆದರೆ ಎಂಟು ವರ್ಷ ಓದಿ ಹೊರಬಂದಾಗ ಹುಡುಗನ ಕೈಯಲ್ಲಿರುವ ಕಾಗದವನ್ನು ಸರ್ಕಾರ ಪದವಿಯೆಂದು ಒಪ್ಪುತ್ತದೆಯೇ? ಸೇರಿಸಬೇಕೆಂದಿರುವ ಸಂಸ್ಥೆಯ ಫಲಕದ ಮೇಲೆ 'ಜಾಮಿಅ' ಎಂದು ಬರೆದಿದೆ, ಆ ಪದಕ್ಕೆ ವಿಶ್ವವಿದ್ಯಾಲಯವೆಂದೇ ಅರ್ಥವಲ್ಲವೇ?

ಪ್ರಶ್ನೆ ಸರಳವಾಗಿ ಕಾಣುತ್ತದೆ. ಅದರ ಹಿಂದೆ ಸಾವಿರ ವರ್ಷಗಳ ಚರಿತ್ರೆಯಿದೆ, ಆ ಚರಿತ್ರೆಯ ಒಂದು ಮುಖ್ಯ ಘಟ್ಟ ಇದೇ ಮಂಡ್ಯ ಜಿಲ್ಲೆಯ ನೆಲದಲ್ಲಿ ನಡೆದಿದೆ. ಆದ್ದರಿಂದ ಆ ತಂದೆಗೆ ಎರಡು ಮಾತಿನಲ್ಲಿ ಹೇಳಿದ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನಿಸಿತು.

ಶ್ರೀರಂಗಪಟ್ಟಣದ ಕೋಟೆಯೊಳಗಿನ ಮಸ್ಜಿದೆ ಆಲಾವನ್ನು ಟಿಪ್ಪು ಸುಲ್ತಾನರು 1780ರ ದಶಕದಲ್ಲಿ ಕಟ್ಟಿಸಿದರು. ಅದರ ಎರಡು ಮಿನಾರುಗಳನ್ನು ನೋಡದ ಕುಟುಂಬ ನಮ್ಮ ಕಡೆ ಇಲ್ಲವೆಂದೇ ಹೇಳಬಹುದು. ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಒಂದು ವಿಶ್ವವಿದ್ಯಾಲಯವನ್ನೇ ಸ್ಥಾಪಿಸಿದ್ದರೆಂದು ನಮ್ಮ ಸಭೆಗಳಲ್ಲಿ ಅಭಿಮಾನದಿಂದ ಹೇಳುವುದುಂಟು. ಭಾಷಣಗಳ ಆ ಮಾತನ್ನು ನಾವಿಲ್ಲಿ ಆಧಾರವಾಗಿ ಹಿಡಿಯುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಸಾಕ್ಷಿಯೊಂದು ಉಳಿದಿದೆ. ಅದು ಸುಲ್ತಾನರ ಪುಸ್ತಕಗಳ ಪಟ್ಟಿ.

1799ರ ಮೇ 4ರಂದು ಕೋಟೆ ಬಿದ್ದಿತು, ಸುಲ್ತಾನರು ಶಹೀದರಾದರು. ಅರಮನೆಯಲ್ಲಿ ದೊರೆತ ವಸ್ತುಗಳಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳಿದ್ದವು. ಅರಬ್ಬಿ, ಪಾರ್ಸಿ, ದಖ್ಖನಿ ಭಾಷೆಗಳವು. ಚಾರ್ಲ್ಸ್ ಸ್ಟೀವರ್ಟ್ ಎಂಬ ಇಂಗ್ಲಿಷ್ ವಿದ್ವಾಂಸ ಅವುಗಳ ವಿವರಣಾತ್ಮಕ ಸೂಚಿಯನ್ನು ತಯಾರಿಸಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚು ಹಾಕಿಸಿದ. ಆ ಸೂಚಿಯ ವಿಷಯವಾರು ಲೆಕ್ಕವನ್ನು ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಕುರ್‌ಆನ್ ವ್ಯಾಖ್ಯಾನಗಳು 41, ಹದೀಸ್ 46, ಫಿಕ್ಹ್ 95, ತಸವ್ವುಫ್ 115. ಅದೇ ಕಪಾಟುಗಳಲ್ಲಿ ಚರಿತ್ರೆ 118, ವೈದ್ಯ 62, ತತ್ತ್ವಶಾಸ್ತ್ರ 54, ಖಗೋಳ 20, ಗಣಿತ 7. ಎಲ್ಲಕ್ಕಿಂತ ಹೆಚ್ಚಿನ ಸಂಖ್ಯೆ ಕಾವ್ಯದ್ದು, 190. ದೀನೀ ವಿದ್ಯೆಗೆ ಒಂದು ಮನೆ, ಲೌಕಿಕ ವಿದ್ಯೆಗೆ ಇನ್ನೊಂದು ಮನೆ ಎಂಬ ವಿಂಗಡಣೆ ಆ ಭಂಡಾರದಲ್ಲಿಲ್ಲ. ಒಬ್ಬನೇ ಓದುಗ ಹದೀಸಿನಿಂದ ವೈದ್ಯಕ್ಕೆ, ಅಲ್ಲಿಂದ ಚರಿತ್ರೆಗೆ ಕೈ ಚಾಚಬಹುದಿತ್ತು.

ಇಲ್ಲೊಂದು ಮಾತನ್ನು ಮರೆಮಾಚಬಾರದು. ಆ ಗ್ರಂಥಗಳಲ್ಲಿ ಅನೇಕವು ಮೊದಲು ಬಿಜಾಪುರ, ಗೋಲ್ಕೊಂಡಗಳ ಸುಲ್ತಾನರ ಸೊತ್ತಾಗಿದ್ದವು, ಸವಣೂರು ಮತ್ತು ಕಡಪಗಳ ದಂಡಯಾತ್ರೆಗಳಲ್ಲಿ ಶ್ರೀರಂಗಪಟ್ಟಣಕ್ಕೆ ಬಂದವು ಎಂದು ಸ್ಟೀವರ್ಟ್ ಬರೆಯುತ್ತಾನೆ. ಯುದ್ಧದಲ್ಲಿ ಬಂದ ಪುಸ್ತಕಗಳು ಯುದ್ಧದಲ್ಲೇ ಹೋದವು.

ಹೋದದ್ದು ಎಲ್ಲಿಗೆ? ಕಲ್ಕತ್ತೆಗೆ. ಗವರ್ನರ್ ಜನರಲ್ ವೆಲ್ಲೆಸ್ಲಿ ಕಂಪನಿಯ ಎಳೆಯ ಅಧಿಕಾರಿಗಳಿಗೆ ಈ ದೇಶದ ಭಾಷೆ ಮತ್ತು ಕಾನೂನು ಕಲಿಸಲು ಅಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ತೆರೆದ. ಅದರ ನಿಯಮಾವಳಿಗೆ ಅನುಮೋದನೆ ಸಿಕ್ಕಿದ್ದು 1800ರ ಜುಲೈ ತಿಂಗಳಲ್ಲಿ. ಆದರೆ ವೆಲ್ಲೆಸ್ಲಿಯ ವಿಶೇಷ ಆಜ್ಞೆಯಂತೆ ಅದರ ಮೇಲೆ ಹಾಕಿದ ದಿನಾಂಕ 1800ರ ಮೇ 4. ಶ್ರೀರಂಗಪಟ್ಟಣ ಬಿದ್ದು ಸರಿಯಾಗಿ ಒಂದು ವರ್ಷ! ಸುಲ್ತಾನರ ಗ್ರಂಥಗಳಲ್ಲಿ ಬಹುಪಾಲು ಆ ಕಾಲೇಜಿನ ಪುಸ್ತಕಾಲಯ ಸೇರಿದವು. ಅಲ್ಲಿ ಮೂರು ವರ್ಷಗಳ ಶಿಕ್ಷಣಕ್ರಮವಿತ್ತು, ನಿಗದಿತ ಪರೀಕ್ಷೆಗಳಿದ್ದವು, ಪಾರ್ಸಿ ಮತ್ತು ಹಿಂದುಸ್ತಾನಿಗಳಲ್ಲಿ ಸಾರ್ವಜನಿಕ ವಾದಸಭೆ ನಡೆಯುತ್ತಿತ್ತು. ಉನ್ನತ ಪ್ರಾವೀಣ್ಯ ತೋರಿದವರಿಗೆ 'ಗೌರವ ಪದವಿ'ಯೆಂಬ ಪ್ರಶಸ್ತಿಪತ್ರ ಕೊಡಲಾಗುತ್ತಿತ್ತು. ನಮ್ಮ ಉಲಮಾಗಳು ಓದುತ್ತಿದ್ದ ಭಾಷೆಗಳಲ್ಲೇ ಇಂಗ್ಲಿಷ್ ತರುಣರು ಪದವಿ ಪಡೆದರು, ಆ ಪದವಿ ಅವರನ್ನು ಜಿಲ್ಲೆಗಳ ಅಧಿಕಾರದ ಕುರ್ಚಿಯವರೆಗೆ ಕೊಂಡೊಯ್ದಿತು. ಅದೇ ಭಾಷೆಗಳನ್ನು ಅವರಿಗೆ ಕಲಿಸುತ್ತಿದ್ದ ಮುನ್ಷಿಗಳಿಗೆ ಸಿಕ್ಕಿದ್ದು ತಿಂಗಳ ಸಂಬಳ ಮಾತ್ರ.

ಇಲ್ಲಿಗೆ ಪದವಿ ಎಂಬ ವಸ್ತುವಿನ ಸ್ವರೂಪ ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಅದು ವಿದ್ಯೆಯ ಅಳತೆ ಹೌದು. ಅದರ ಜೊತೆಗೆ ಆಡಳಿತವು ತನಗೆ ತಾನೇ ಬರೆದುಕೊಂಡ ಓಲೆಯೂ ಹೌದು: ಈ ಮನುಷ್ಯನನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದು ಎಂಬ ಓಲೆ.

ಇಸ್ಲಾಮಿನ ಪರಂಪರೆಯಲ್ಲಿ ಬೆಳೆದು ಬಂದ 'ಇಜಾಝತ್' ಇದಕ್ಕಿಂತ ಬೇರೆಯಾದುದು. ಶಿಷ್ಯನು ಗುರುವಿನ ಮುಂದೆ ಕುಳಿತು ಒಂದು ಗ್ರಂಥವನ್ನು ಆದಿಯಿಂದ ಅಂತ್ಯದವರೆಗೆ ಓದಿ ಒಪ್ಪಿಸುತ್ತಿದ್ದ. ಗುರು ಸಮಾಧಾನಗೊಂಡಾಗ, ಈ ಗ್ರಂಥವನ್ನು ನನ್ನಿಂದ ಕೇಳಿದ್ದಾನೆ, ಇನ್ನೊಬ್ಬರಿಗೆ ಕಲಿಸಲು ಇವನಿಗೆ ಅನುಮತಿಯಿದೆ ಎಂದು ಬರೆದುಕೊಡುತ್ತಿದ್ದರು. ಆ ಪತ್ರದಲ್ಲಿ ಗುರುವಿನ ಗುರು, ಅವರ ಗುರು ಹೀಗೆ ಸರಪಳಿ ಹಿಂದಕ್ಕೆ ಹೋಗುತ್ತಿತ್ತು. ಹದೀಸಿನಲ್ಲಾದರೆ ಅದು ಪ್ರವಾದಿ ಮುಹಮ್ಮದ್(ಸ)ರವರವರೆಗೆ ಮುಟ್ಟುತ್ತಿತ್ತು. ಅನುಮತಿ ಕೊಡುವವರು ಒಬ್ಬ ವ್ಯಕ್ತಿ, ಸಂಸ್ಥೆಯಲ್ಲ. ಅದು ಒಂದು ಗ್ರಂಥಕ್ಕೆ ಸಂಬಂಧಿಸಿದ್ದು, ಇಂತಿಷ್ಟು ವರ್ಷಗಳ ಓದಿಗಲ್ಲ. ಫಾಸ್‌ನ ಅಲ್ ಕರವಿಯ್ಯೀನ್, ಕೈರೋದ ಅಲ್ ಅಝ್‌ಹರ್, 1067ರಲ್ಲಿ ಬಾಗಿಲು ತೆರೆದ ಬಗ್ದಾದಿನ ನಿಝಾಮಿಯ್ಯ ಮದ್ರಸ ಇವೆಲ್ಲ ಪ್ರಸಿದ್ಧ ವಿದ್ಯಾಕೇಂದ್ರಗಳಾದರೂ, ಜನ ಕೇಳುತ್ತಿದ್ದದ್ದು ಯಾವ ಮದ್ರಸದಲ್ಲಿ ಓದಿದೆ ಎಂಬುದಕ್ಕಿಂತ ಯಾರ ಬಳಿ ಓದಿದೆ ಎಂದು.

ಉಲಮಾಗಳು ಪರಸ್ಪರ ಪರಿಚಿತರಾಗಿದ್ದ ಲೋಕದಲ್ಲಿ ಈ ವ್ಯವಸ್ಥೆ ಚೆನ್ನಾಗಿ ನಡೆಯಿತು. ಗುರುವಿನ ಹೆಸರು ಕೇಳಿದರೆ ಸಾಕು, ಶಿಷ್ಯನ ಯೋಗ್ಯತೆ ತಿಳಿಯುತ್ತಿತ್ತು. ಗುರುವಿನ ಹೆಸರನ್ನೇ ಅರಿಯದ ಗುಮಾಸ್ತನ ಮುಂದೆ ಆ ಪತ್ರವನ್ನು ಇಡಬೇಕಾಗಿ ಬಂದಾಗ ತೊಡಕು ಶುರುವಾಯಿತು.

ಅಲ್ ಅಝ್‌ಹರ್ ಆ ತೊಡಕನ್ನು ಹೇಗೆ ಬಿಡಿಸಿಕೊಂಡಿತೆಂಬುದು ಗಮನಾರ್ಹ. 1872ರಲ್ಲಿ ಅಲ್ಲಿ 'ಆಲಿಮಿಯ್ಯ' ಪರೀಕ್ಷೆ ಜಾರಿಗೆ ಬಂತು. ಹನ್ನೊಂದು ವಿಷಯಗಳಲ್ಲಿ ವಿದ್ವಾಂಸರ ಸಮಿತಿಯ ಮುಂದೆ ಪರೀಕ್ಷೆ, ಉತ್ತೀರ್ಣರಾದವರಿಗೆ ದರ್ಜೆ. ಒಬ್ಬ ಗುರುವಿನ ಅನುಮತಿಯ ಸ್ಥಾನದಲ್ಲಿ ಸಂಸ್ಥೆಯ ಪ್ರಮಾಣಪತ್ರ ಬಂದು ಕುಳಿತದ್ದು ಆಗಲೇ. 1930ರಲ್ಲಿ ಉಸೂಲುದ್ದೀನ್, ಶರೀಅತ್, ಅರಬ್ಬಿ ಭಾಷೆ ಎಂದು ಮೂರು ವಿಭಾಗಗಳಾದವು. 1961ರ ಕಾಯ್ದೆಯ ನಂತರ ವೈದ್ಯ, ಎಂಜಿನಿಯರಿಂಗ್, ಕೃಷಿ ವಿಭಾಗಗಳೂ ಸೇರಿದವು. ತೊಂಬತ್ತು ವರ್ಷ ಹಿಡಿಯಿತು, ಜಗಳಗಳೂ ನಡೆದವು, ಆದರೆ ಏಣಿಯ ಮೆಟ್ಟಿಲುಗಳು ಸ್ಪಷ್ಟವಾದವು.

ನಮ್ಮ ದೇಶದಲ್ಲಿ ಲಖನೌದ ಫಿರಂಗಿ ಮಹಲಿನ ಮುಲ್ಲಾ ನಿಝಾಮುದ್ದೀನರು (ನಿಧನ 1748) ರೂಪಿಸಿದ ದರ್ಸೆ ನಿಝಾಮಿ ಪಠ್ಯಕ್ರಮ ನೆಲೆಗೊಂಡಿತು. ತರ್ಕ, ತತ್ತ್ವಶಾಸ್ತ್ರ, ಗಣಿತಗಳಿಗೆ ಅದರಲ್ಲಿ ದೊಡ್ಡ ಸ್ಥಾನವಿತ್ತು. ಅದನ್ನು ಓದಿದವರು ನವಾಬರ ದರ್ಬಾರುಗಳಲ್ಲಿ ನ್ಯಾಯಾಧೀಶರಾಗಿ, ದಫ್ತರದ ಅಧಿಕಾರಿಗಳಾಗಿ ಕೆಲಸಕ್ಕೆ ಸೇರುತ್ತಿದ್ದರು. ಇಂದು ಕೇವಲ 'ದೀನೀ ಪಠ್ಯ' ಎಂದು ನಾವು ಕರೆಯುವುದು ಆ ಕಾಲದಲ್ಲಿ ಉದ್ಯೋಗದ ಪಠ್ಯವೂ ಆಗಿತ್ತೆಂಬುದನ್ನು ಮರೆಯಬಾರದು. 1830ರ ದಶಕದಲ್ಲಿ ಕಂಪನಿ ಸರ್ಕಾರ ಪಾರ್ಸಿಯನ್ನು ಕಚೇರಿಗಳಿಂದ ತೆಗೆದಾಗ ಆ ಉದ್ಯೋಗದ ಬಾಗಿಲು ಮುಚ್ಚಿತು. 1866ರಲ್ಲಿ ಸ್ಥಾಪನೆಯಾದ ದೇವಬಂದಿನ ದಾರುಲ್ ಉಲೂಮ್ ತರಗತಿ, ವಾರ್ಷಿಕ ಪರೀಕ್ಷೆ, ಹಾಜರಿ ಪುಸ್ತಕ ಎಲ್ಲವನ್ನೂ ಹೊಸ ಕಾಲದ ಕಾಲೇಜಿನಂತೆಯೇ ಅಳವಡಿಸಿಕೊಂಡಿತು. ಕೊನೆಯ ವರ್ಷದ ದೌರಾ ಎ ಹದೀಸ್ ಮುಗಿಸಿದವರಿಗೆ ಸನದು ಕೊಟ್ಟಿತು. ಆದರೆ ಸರ್ಕಾರದ ಅನುದಾನವನ್ನೂ ಮನ್ನಣೆಯನ್ನೂ ಬಯಸಲಿಲ್ಲ. ಅದು ಬುದ್ಧಿಪೂರ್ವಕವಾದ ಆಯ್ಕೆ, ಪರಾಧೀನ ಕಾಲದಲ್ಲಿ ಅದಕ್ಕೆ ಒಂದು ಘನತೆಯೂ ಇತ್ತು. ನಮ್ಮ ನಾಲ್ಕು ತಾಲೂಕುಗಳಿಂದ ಬೆಂಗಳೂರು, ವೇಲೂರು, ದೇವಬಂದಿಗೆ ಹೋಗಿ ಬರುವ ಮಕ್ಕಳು ತರುವುದು ಆ ಪರಂಪರೆಯ ಸನದನ್ನೇ.

ಅದೇ ಕಾಲದಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರು ಅಲಿಗಢದಲ್ಲಿ ಬೇರೆ ದಾರಿ ಹಿಡಿದರು. ಆದರೆ 1877ರಲ್ಲಿ ಅವರು ಆರಂಭಿಸಿದ ಕಾಲೇಜಿಗೂ ತನ್ನದೇ ಪದವಿ ಕೊಡುವ ಅಧಿಕಾರವಿರಲಿಲ್ಲ. ಅಲ್ಲಿಯ ವಿದ್ಯಾರ್ಥಿಗಳು ಮೊದಲು ಕಲ್ಕತ್ತಾ ವಿಶ್ವವಿದ್ಯಾಲಯದ, ನಂತರ ಅಲಹಾಬಾದ್ ವಿಶ್ವವಿದ್ಯಾಲಯದ ಪರೀಕ್ಷೆಗೆ ಕುಳಿತುಕೊಳ್ಳುತ್ತಿದ್ದರು. ಕಾಲೇಜನ್ನು ವಿಶ್ವವಿದ್ಯಾಲಯವಾಗಿಸಲು ಸಮುದಾಯವು ದೇಶದಾದ್ಯಂತ ಚಂದಾ ಎತ್ತಿ 30 ಲಕ್ಷ ರೂಪಾಯಿಗಳ ನಿಧಿ ಕೂಡಿಸಬೇಕಾಯಿತು. ಕೊನೆಗೆ 1920ರ ಕಾಯ್ದೆಯಿಂದ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯ ಹುಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಬ್ರಿಟಿಷರ ಮನ್ನಣೆಯೇ ಬೇಡವೆಂದು ಹೊರಬಂದವರು ಜಾಮಿಅ ಮಿಲ್ಲಿಯ್ಯ ಇಸ್ಲಾಮಿಯ್ಯವನ್ನು ಕಟ್ಟಿದರು. ಝಾಕಿರ್ ಹುಸೇನ್ ಮತ್ತು ಸಂಗಡಿಗರು ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯದೆ ಇಪ್ಪತ್ತು ವರ್ಷ ದುಡಿಯುವ ಪ್ರತಿಜ್ಞೆ ಮಾಡಿ ಅದನ್ನು ಉಳಿಸಿದರು. ಆ ಜಾಮಿಅವೂ 1962ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು, 1988ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಮನ್ನಣೆಯನ್ನು ತಿರಸ್ಕರಿಸಿ ಹೊರಟವರೇ ನಾಲ್ಕು ದಶಕಗಳ ನಂತರ, ಸ್ವತಂತ್ರ ದೇಶದ ಮನ್ನಣೆಯನ್ನು ಪಡೆದುಕೊಂಡರು. ಅದನ್ನು ಸೋಲೆಂದು ಯಾರೂ ಹೇಳಲಾರರು.

ಅಲಿಗಢದ ದೂರದ ಮಾತು ಬಿಟ್ಟು ನಮ್ಮ ನೆರೆಹೊರೆಯನ್ನೇ ನೋಡೋಣ. ಕೆ.ಆರ್. ಪೇಟೆಯಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಪಾಠ ಅಲ್ಲಿ ನಡೆಯುತ್ತದೆ, ಪದವಿಪತ್ರ ಬರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ. ಸರ್ಕಾರವೇ ನಡೆಸುವ ಕಾಲೇಜಿಗೂ ಸ್ವಂತ ಪದವಿ ಇಲ್ಲ. ಸರ್ ಸಯ್ಯದರ ಕಾಲೇಜಿನ ಸ್ಥಿತಿಯೇ ಇದು.

ಪಾಂಡವಪುರ ತಾಲೂಕಿನ ಮೇಲುಕೋಟೆಯಲ್ಲಿ ಶ್ರೀವೈಷ್ಣವರ ಸಂಸ್ಕೃತ ಪಾಠಶಾಲೆ ಹತ್ತೊಂಬತ್ತನೇ ಶತಮಾನದಿಂದ ನಡೆದುಬಂದಿದೆ. ಗುರುವಿನ ಮುಂದೆ ಶಾಸ್ತ್ರವನ್ನು ಒಪ್ಪಿಸುವ ಅವರ ಕ್ರಮಕ್ಕೂ ನಮ್ಮ ಇಜಾಝತಿಗೂ ಹೋಲಿಕೆಯಿದೆ. ಆದರೆ ನಮ್ಮ ರಾಜ್ಯದಲ್ಲಿ ಸಂಸ್ಕೃತ ವಿದ್ಯೆಗೆ ಪ್ರಥಮ, ಕಾವ್ಯ, ಸಾಹಿತ್ಯ, ವಿದ್ವತ್ ಎಂದು ಮೆಟ್ಟಿಲುಗಳುಳ್ಳ ಸಾರ್ವಜನಿಕ ಪರೀಕ್ಷೆಗಳು ಏರ್ಪಟ್ಟವು. 2010ರಲ್ಲಿ ಕರ್ನಾಟಕ ಸಂಸ್ಕೃತ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು. ನಡುವೆ ಓದು ಬಿಟ್ಟ ಹುಡುಗನೂ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ಹೊರಗಿನವರಿಗೆ ತೋರಿಸಬಲ್ಲ.

ನಾಗಮಂಗಲ ತಾಲೂಕಿನ ಆದಿಚುಂಚನಗಿರಿ ಮಠದವರು ಇನ್ನೊಂದು ಕ್ರಮ ಹಿಡಿದರು. ಬೆಳ್ಳೂರಿನ ಬಳಿಯ ಬಿ.ಜಿ. ನಗರದಲ್ಲಿ 1986ರಲ್ಲಿ ವೈದ್ಯಕೀಯ ಕಾಲೇಜು ತೆರೆದರು, ಫಾರ್ಮಸಿ, ಎಂಜಿನಿಯರಿಂಗ್ ಮುಂತಾದವನ್ನು ಜೋಡಿಸಿದರು, ರಾಜ್ಯದ ಕಾಯ್ದೆಯ ಮೂಲಕ 2018ರಲ್ಲಿ ಅದೊಂದು ವಿಶ್ವವಿದ್ಯಾಲಯವಾಯಿತು. ಧಾರ್ಮಿಕ ಸಂಸ್ಥೆಯೊಂದು ನಡೆಸುವ ಚಿಕ್ಕ ವಿಶ್ವವಿದ್ಯಾಲಯ ತನ್ನ ಪದವಿಗಳನ್ನು ಹೇಗೆ ಕಟ್ಟುತ್ತದೆಂದು ತಿಳಿಯಬೇಕಾದವರು ದೂರ ಹೋಗಬೇಕಿಲ್ಲ. ಅಲ್ಲಿಯ ಎಂಬಿಬಿಎಸ್ ನಾಲ್ಕೂವರೆ ವರ್ಷ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್, ಬಿ.ಫಾರ್ಮ ನಾಲ್ಕು ವರ್ಷ. ಈ ಅವಧಿಗಳನ್ನು ಗೊತ್ತುಮಾಡಿದ್ದು ಮಠವಲ್ಲ, ರಾಷ್ಟ್ರಮಟ್ಟದ ನಿಯಂತ್ರಣ ಸಂಸ್ಥೆಗಳು. ಮಠದ ಸಂಸ್ಕೃತ ಪಾಠ ಬೇರೆ, ವಿಶ್ವವಿದ್ಯಾಲಯದ ಪದವಿ ಬೇರೆ. ಧರ್ಮವು ಆಡಳಿತದಲ್ಲಿ, ವಾತಾವರಣದಲ್ಲಿ, ಸೇವೆಯ ಉದ್ದೇಶದಲ್ಲಿ ಇರುತ್ತದೆ, ಅಂಕಪಟ್ಟಿಯಲ್ಲಿರುವುದಿಲ್ಲ. ನಮ್ಮ ಸಮುದಾಯದ ಶ್ರೀಮಂತರು ಇದನ್ನು ಒಮ್ಮೆ ಹೋಗಿ ನೋಡಿ ಬರುವುದು ಒಳ್ಳೆಯದೆಂದು ನಮ್ಮ ಅನಿಸಿಕೆ.

ಈಗ ಆ ತಂದೆಯ ಪ್ರಶ್ನೆಗೆ ಕಾನೂನಿನ ಉತ್ತರ. 1956ರ ಯುಜಿಸಿ ಕಾಯ್ದೆಯ 22ನೇ ಕಲಮಿನಂತೆ, ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ, ಪರಿಗಣಿತ ವಿಶ್ವವಿದ್ಯಾಲಯ, ಅಥವಾ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ ಪದವಿ ಕೊಡಬಹುದು. 23ನೇ ಕಲಮು ಇತರರು ತಮ್ಮ ಹೆಸರಿನಲ್ಲಿ 'ಯೂನಿವರ್ಸಿಟಿ' ಎಂಬ ಪದ ಬಳಸುವುದನ್ನೇ ನಿಷೇಧಿಸುತ್ತದೆ. ಫಲಕದ ಮೇಲಿನ 'ಜಾಮಿಅ' ಎಂಬ ಅರಬ್ಬಿ ಹೆಸರು ಶೋಭೆ ತರುತ್ತದೆ, ಪದವಿ ಕೊಡುವ ಅಧಿಕಾರ ತರುವುದಿಲ್ಲ.

2024ರ ನವೆಂಬರ್ 5ರಂದು ಸುಪ್ರೀಮ್ ಕೋರ್ಟ್ ಈ ವಿಷಯವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಉತ್ತರ ಪ್ರದೇಶದ 2004ರ ಮದ್ರಸ ಶಿಕ್ಷಣ ಮಂಡಳಿ ಕಾಯ್ದೆಯನ್ನು ಅಲಹಾಬಾದ್ ಹೈಕೋರ್ಟ್ ಪೂರ್ತಿಯಾಗಿ ರದ್ದುಪಡಿಸಿತ್ತು. ಸುಪ್ರೀಮ್ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ಆದರೆ ಪದವಿ ಮತ್ತು ಸ್ನಾತಕೋತ್ತರ ಮಟ್ಟದ 'ಕಾಮಿಲ್', 'ಫಾಝಿಲ್'ಗಳನ್ನು ಕೊಡುವ ಭಾಗವನ್ನು ಮಾತ್ರ ತೆಗೆದುಹಾಕಿತು. ಕಾರಣ ಅದೇ ಯುಜಿಸಿ ಕಾಯ್ದೆ. ಶಾಲಾ ಮಟ್ಟದಲ್ಲಿ ಮದ್ರಸಕ್ಕೆ ಅವಕಾಶವಿದೆ, ಪದವಿ ಮಟ್ಟದಲ್ಲಿ ರಾಜ್ಯದ ಮಂಡಳಿಗೂ ಅಧಿಕಾರವಿಲ್ಲ. ಉತ್ತರ ಪ್ರದೇಶದಲ್ಲಿರುವಂಥ ಶಾಸನಬದ್ಧ ಮದ್ರಸ ಮಂಡಳಿ ನಮ್ಮ ಕರ್ನಾಟಕದಲ್ಲಿ ಇಲ್ಲದ್ದರಿಂದ, ಇಲ್ಲಿಯ ಹುಡುಗನಿಗೆ ಶಾಲಾ ಮಟ್ಟದ ಆ ಆಸರೆಯೂ ಇಲ್ಲ.

ಹಾಗೆಂದು ಆಲಿಮ್ ಕೋರ್ಸು ವ್ಯರ್ಥವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಸನದು ತಾನು ಹೇಳುವುದನ್ನು ಪೂರ್ಣ ಸತ್ಯವಾಗಿ ಹೇಳುತ್ತದೆ: ಈತ ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳನ್ನು ಓದಿದ್ದಾನೆ, ಕಲಿಸಬಲ್ಲ. ಮಸೀದಿಯ ಮಿಂಬರ್, ನಿಕಾಹಿನ ಸಭೆ, ಮಯ್ಯಿತ್ತಿನ ಮನೆ ಎಲ್ಲೆಡೆಯೂ ನಮಗೆ ಅಂಥವರು ಬೇಕು. ಅದು ಹೇಳದ್ದನ್ನು ಅದರ ಬಾಯಲ್ಲಿ ನಾವು ಹಾಕಿ ಮಕ್ಕಳನ್ನು ಸೇರಿಸುತ್ತೇವೆ ಎಂಬುದಷ್ಟೇ ನಮ್ಮ ನೋವು. ನಾಗಮಂಗಲದ ಕಡೆಯ ಒಬ್ಬ ಯುವಕನನ್ನು ನಾವು ಬಲ್ಲೆವು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸನದು ಹಿಡಿದು ಬಂದು, ಬಿ.ಎ.ಗೆ ಸೇರಲು ಒಂದು ಕಾಲೇಜಿಗೆ ಹೋದ. ಪಿಯುಸಿ ಅಂಕಪಟ್ಟಿ ಕೇಳಿದರು. ಇಲ್ಲ ಎಂದಾಗ ಎಸ್ಸೆಸ್ಸೆಲ್ಸಿಯದ್ದನ್ನು ಕೇಳಿದರು. ಅರಬ್ಬಿ ವ್ಯಾಕರಣದ ಕಠಿಣ ಗ್ರಂಥಗಳನ್ನು ಬಾಯಿಪಾಠ ಒಪ್ಪಿಸಬಲ್ಲ ಆ ಯುವಕ ಸರ್ಕಾರಿ ಕಡತದಲ್ಲಿ ಆರನೆಯ ತರಗತಿ ಓದಿದವನು! ಅವನಿಗಿಂತಲೂ ಕಷ್ಟ ನಾಲ್ಕನೇ ವರ್ಷಕ್ಕೇ ಮನೆಯ ಬಡತನದಿಂದ ಓದು ಬಿಟ್ಟು ಬಂದವನದು. ಅವನ ಬಳಿ ಸನದೂ ಇಲ್ಲ.

ಆದುದರಿಂದ ಶಿಕ್ಷಣಕ್ರಮವನ್ನು ಕಟ್ಟುವವರು ಕೊನೆಯ ಮೆಟ್ಟಿಲಿಗಿಂತ ನಡುವಿನ ಮೆಟ್ಟಿಲುಗಳನ್ನು ಹೆಚ್ಚು ಯೋಚಿಸಬೇಕು. ಕೇರಳದ ಮಲಪ್ಪುರಂ ಜಿಲ್ಲೆಯ ಚೆಮ್ಮಾಡಿನಲ್ಲಿ 1986ರಲ್ಲಿ ಆರಂಭವಾದ ದಾರುಲ್ ಹುದಾ ಈ ದಿಕ್ಕಿನಲ್ಲಿ ನಡೆದಿದೆ. ಹನ್ನೆರಡು ವರ್ಷಗಳ ಶಿಕ್ಷಣವನ್ನು ಅವರು ಸೆಕೆಂಡರಿ, ಹಿರಿಯ ಸೆಕೆಂಡರಿ, ಪದವಿ, ಸ್ನಾತಕೋತ್ತರ ಎಂಬ ಹಂತಗಳಲ್ಲಿ ಹಂಚಿದ್ದಾರೆ. ಫಿಕ್ಹ್, ಹದೀಸುಗಳೊಂದಿಗೆ ಶಾಲಾ ವಿಷಯಗಳೂ ನಡೆಯುತ್ತವೆ, ಮನ್ನಣೆ ಪಡೆದ ವಿಶ್ವವಿದ್ಯಾಲಯಗಳ ದೂರಶಿಕ್ಷಣದ ಮೂಲಕ ವಿದ್ಯಾರ್ಥಿ ಸರ್ಕಾರಿ ಪದವಿಯನ್ನೂ ಪಡೆಯುತ್ತಾನೆ. ಸಂಸ್ಥೆಯ ಸನದು ತನ್ನ ಕೆಲಸ ಮಾಡುತ್ತದೆ, ಹೊರಗಿನ ಪದವಿ ತನ್ನ ಕೆಲಸ ಮಾಡುತ್ತದೆ. ಎರಡನ್ನೂ ಏಕಕಾಲಕ್ಕೆ ಹೊರುವುದು ಹುಡುಗನಿಗೆ ಭಾರವೇ. ಆ ಭಾರವನ್ನು ಲಘುವೆಂದು ಹೇಳುವವರು ಅಂಥ ಹುಡುಗರ ದಿನಚರಿಯನ್ನು ನೋಡಿಲ್ಲ. ಆದರೆ ಇಪ್ಪತ್ತೆರಡರಲ್ಲಿ ಆರನೆಯ ತರಗತಿಯವನಾಗಿ ನಿಲ್ಲುವುದಕ್ಕಿಂತ ಈ ಭಾರ ಮೇಲು.

ಈಗಾಗಲೇ ಸನದು ಪಡೆದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಅಲಿಗಢದಲ್ಲಿ 2013ರಿಂದ ಮದ್ರಸ ಪದವೀಧರರಿಗಾಗಿ ಬ್ರಿಜ್ ಕೋರ್ಸಿದೆ. 1998ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವೂ ಅಂಥ ಸೇತುವೆ ಕಟ್ಟಿದೆ. ಬೀದರಿನ ಶಾಹೀನ್ ಸಂಸ್ಥೆಯವರು ಶಾಲೆಯ ಮುಖ ನೋಡದ ಹಾಫಿಝರನ್ನು ಮುಖ್ಯವಾಹಿನಿಯ ಪರೀಕ್ಷೆಗೆ ಸಿದ್ಧಪಡಿಸುತ್ತಿದ್ದಾರೆ. ಹತ್ತನೆಯ ತರಗತಿಯೇ ಆಗದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಅತ್ಯಂತ ಹತ್ತಿರದ ದಾರಿ. ಐದು ವಿಷಯಗಳಲ್ಲಿ ಉತ್ತೀರ್ಣನಾದರೆ ಸಾಕು. ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳ ಅವಧಿಯಿದೆ, ಒಂದೊಂದೇ ವಿಷಯವನ್ನು ಮುಗಿಸುತ್ತ ಹೋಗಬಹುದು. ಅರಬ್ಬಿ, ಉರ್ದುಗಳೂ ಅದರ ಪಟ್ಟಿಯಲ್ಲಿರುವುದರಿಂದ ಆಲಿಮ್ ಓದುವ ಹುಡುಗನಿಗೆ ಎರಡು ವಿಷಯಗಳು ಬಹುಮಟ್ಟಿಗೆ ಕಲಿತವೇ ಆಗಿರುತ್ತವೆ.

ಇನ್ನು ಆ ಗ್ರಂಥಗಳ ಮಾತು. ಫೋರ್ಟ್ ವಿಲಿಯಂ ಕಾಲೇಜು ಕಾಲಕ್ರಮದಲ್ಲಿ ಕರಗಿಹೋಯಿತು. ಸುಲ್ತಾನರ ಹಸ್ತಪ್ರತಿಗಳಲ್ಲಿ ಅನೇಕವು ಲಂಡನ್ನಿಗೆ ಸಾಗಿ ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ, ಕೆಲವು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಉಳಿದಿವೆ. ಶ್ರೀರಂಗಪಟ್ಟಣದ ಹುಡುಗನೊಬ್ಬ ಸಂಶೋಧಕನಾಗಿ ಅವುಗಳನ್ನು ತೆರೆದು ಓದಬೇಕಾದರೆ ಅವನಿಗೆ ಎರಡೂ ಬೇಕು: ಆ ಪಾರ್ಸಿ, ಅರಬ್ಬಿಗಳನ್ನು ಓದಲು ಕಲಿಸಿದ ಮದ್ರಸ, ಸಂಶೋಧನೆಗೆ ಅರ್ಜಿ ಹಾಕಲು ಅರ್ಹತೆ ಕೊಡುವ ಪದವಿ.

ಪಾಂಡವಪುರದ ಆ ತಂದೆ ಮಗನನ್ನು ಆಲಿಮ್ ಕೋರ್ಸಿಗೇ ಸೇರಿಸಿದರು. ಸೇರಿಸುವ ಮೊದಲು ಸಂಸ್ಥೆಯವರ ಬಳಿ ಎರಡು ಮಾತು ಕೇಳಿದರಂತೆ: ಹತ್ತನೆಯ ತರಗತಿಯ ಪರೀಕ್ಷೆಯನ್ನು ಯಾವ ವರ್ಷ ಬರೆಸುತ್ತೀರಿ, ನಡುವೆ ಬಿಡಬೇಕಾಗಿ ಬಂದರೆ ಏನು ಬರೆದುಕೊಡುತ್ತೀರಿ. ಮೊದಲನೆಯದಕ್ಕೆ ಮೂರನೆಯ ವರ್ಷವೆಂದು ಉತ್ತರ ಬಂದಿತು. ಎರಡನೆಯ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲವೆಂದು ನಾಝಿಮರು ಹೇಳಿದರು, ಮುಂದಿನ ಶೂರಾ ಸಭೆಯಲ್ಲಿ ಇಡುವುದಾಗಿ ಬರೆದುಕೊಂಡರು.